ನಂಬರ್ ಪ್ಲೇಟ್ ಓದುವ ಕಾರು, ನಿಂತೇ ಹೋದ ಇಡ್ಲಿ ವ್ಯಾನು

ಇದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಬೇಕಾದರೆ ಹೆಂಡತಿಯ ತಲೆ ಮುಟ್ಟಿ ಆಣೆ ಮಾಡುತ್ತೇನೆ, ಅವಳು ಮುಟ್ಟಗೊಟ್ಟರೆ. ಮಿಲ್ಲಿನಿಂದ ನಿವೃತ್ತನಾದ ಮೇಲೆ ಪಾಲಿಕೆಗಳಿಗೆ ಪಾರ್ಕಿಂಗ್ ಲೆಕ್ಕ ಮಾಡಿಕೊಡುವ ಕೊಯಮತ್ತೂರಿನ ಒಂದು ಕಂಪನಿಗೆ ಕಾರು ಓಡಿಸುತ್ತಿದ್ದೇನೆ. ಕಾರಿನ ನೆತ್ತಿಯ ಮೇಲೆ ಕ್ಯಾಮೆರಾ. ಬೀದಿಬದಿ ನಿಂತ ಗಾಡಿಗಳ ನಂಬರನ್ನು ಅದು ತಾನೇ ಓದಿಕೊಳ್ಳುತ್ತದೆ. ಗಂಟೆಗೊಮ್ಮೆ ಅದೇ ಬೀದಿ ಸುತ್ತಿದರೆ ಯಾವ ಗಾಡಿ ಎಷ್ಟು ಹೊತ್ತು ಎಲ್ಲಿ ನಿಂತಿತ್ತೆಂದು ಗೊತ್ತಾಗುತ್ತದೆ. ಈ ಕೆಲಸದಲ್ಲಿ ಏನೂ ಎಡವಟ್ಟಾಗದೆ ಮನೆಗೆ ಬಂದ ದಿನವೇ ಇಲ್ಲ.

೧. ಮರ್ಯಾದೆ

ಕ್ಯಾಮೆರಾಗೆ ಓದಲು ಬಿಡುವು ಬೇಕು. ಹಾಗಾಗಿ ಕೊಯಮತ್ತೂರು, ತಿರುಪ್ಪೂರು ಎರಡೂ ಜಿಲ್ಲೆಯಲ್ಲಿ ನನ್ನಷ್ಟು ನಿಧಾನವಾಗಿ ಕಾರು ಓಡಿಸುವ ಗಂಡಸು ಇನ್ನೊಬ್ಬನಿಲ್ಲ. ಒಂದು ದಿನ ತಿರುಪ್ಪೂರಿನ ಬನಿಯನ್ ಅಂಗಡಿಗಳ ಬೀದಿಯಲ್ಲಿ ಹಿಂದಿನಿಂದ ತಮಟೆ ಕೇಳಿಸಿತು. ಕನ್ನಡಿಯಲ್ಲಿ ನೋಡಿದರೆ ಶವಯಾತ್ರೆ. ನನ್ನ ವೇಗ ನೋಡಿ ಅವರದೇ ಕಾರು ಅಂದುಕೊಂಡು ಹಿಂದೆ ಸೇರಿದ್ದಾರೆ. ಅಂಗಡಿಯವರೆಲ್ಲ ಎದ್ದು ನಿಂತು ಕೈಮುಗಿದರು, ಹೂ ಎರಚಿದರು. ಬದುಕಿರುವಾಗಲೇ ಇಷ್ಟು ಮರ್ಯಾದೆ ಯಾರಿಗೆ ಸಿಕ್ಕಿದೆ ಹೇಳಿ. ಹಿಂದೆ ಚಟ್ಟದ ಮೇಲೆ ಮಲಗಿದ್ದವನ ಪಾಲಿಗೆ ಉಳಿದದ್ದು ಬರೀ ಹೂವಿನ ತೊಟ್ಟು.

೨. ಜಾಗವಿಲ್ಲ

ಅದೇ ಬೀದಿಯ ಬನಿಯನ್ ಅಂಗಡಿಯ ಯಜಮಾನರು ಕಾರು ತಡೆದರು.

"ಸಾರ್, ಗಿರಾಕಿಗಳಿಗೆ ಗಾಡಿ ನಿಲ್ಲಿಸೋಕೆ ಜಾಗವೇ ಇಲ್ಲ. ಅಲ್ಲಿ ನಿಂತೇ ಇರೋ ಆ ಇಡ್ಲಿ ವ್ಯಾನ್ ಮೊದಲು ಎತ್ತಿಸಿ."

"ಅದು ಬಿಡಿ. ಬೆಳಗಿನಿಂದ ಅಂಗಡಿ ಮುಂದೆ ನಿಂತಿರೋ ಈ ಕಾರು?"

"ನಂದು."

"ಈ ಬೈಕು?"

"ಮೈದುನಂದು."

"ಈ ಸ್ಕೂಟರು?"

"ಮನೆಯವರದು."

"ಅವನ್ನ ಆಚೆ ಬೀದಿಯಲ್ಲಿ ನಿಲ್ಲಿಸಬಹುದಲ್ಲ?"

"ಅಷ್ಟು ದೂರದಿಂದ ನಡ್ಕೊಂಡು ಬಂದರೆ ವ್ಯಾಪಾರ ಮಾಡೋಕೆ ಉಸಿರು ಉಳೀಬೇಡವೇ ಸಾರ್?"

೩. ಇಬ್ಬರೂ ಏಳಲಿಲ್ಲ

ಇಡ್ಲಿ ವ್ಯಾನಿನ ಅಕ್ಕ ನಮ್ಮ ಹಾಗೇ ಕನ್ನಡ ಮಾತಾಡುವ ನೇಕಾರರ ಮನೆಯವಳು. ಆಕೆಯ ಇಡ್ಲಿ ತಿರುಪ್ಪೂರಿನ ಹತ್ತಿಗಿಂತ ಮೃದು. ತಿನ್ನುತ್ತಾ ಕೇಳಿದೆ, "ವ್ಯಾನ್ ಆಚೆ ಈಚೆ ಹೋಗೋದೇ ಇಲ್ಲವಾ ಅಕ್ಕಾ?"

"ಹೋದ ವರ್ಷ ಒಂದಿನ ಯಾಪಾರ ಮುಗಿಸಿ ನಮ್ಮನೆಯವರು ಸ್ಟೀರಿಂಗ್ ಮುಂದೆ ಕೂತರಣ್ಣಾ. ನಿದ್ದೆ ಅಂದುಕೊಂಡು ಮಧ್ಯಾಹ್ನದವರೆಗೂ ಯಾರೂ ಎಬ್ಬಿಸಲಿಲ್ಲ. ಆಮೇಲೆ ಅವರೂ ಏಳಲಿಲ್ಲ, ವ್ಯಾನೂ ಸ್ಟಾರ್ಟ್ ಆಗಲಿಲ್ಲ."

ನನ್ನ ಬಾಯಿ ಸುಮ್ಮನಿರುವುದಿಲ್ಲವಲ್ಲ. ಸುತ್ತ ನಿಂತು ತಿನ್ನುತ್ತಿದ್ದವರಿಗೆಲ್ಲ ಕೇಳುವಂತೆ ಮೆಷಿನ್ನಿನ ಮಹಿಮೆ ಹೇಳಿದೆ: ನಾಳೆಯೇ ಕೊನೆಯ ಸುತ್ತಾಟ, ನಾಳೆಯೂ ಇದು ಇಲ್ಲೇ ನಿಂತಿದ್ದರೆ ಬಿಟ್ಟುಹೋದ ಗಾಡಿ ಎಂದು ಬರೆದುಕೊಳ್ಳುತ್ತೆ, ಆಮೇಲೆ ಕ್ರೇನ್ ಬಂದು ಎತ್ತಿಕೊಂಡು ಹೋಗುತ್ತೆ.

ಅಕ್ಕ ಚಟ್ನಿ ಸೌಟು ಕೆಳಗಿಟ್ಟಳು. "ಇದನ್ನೂ ಎತ್ತಿಕೊಂಡು ಹೋಗ್ತಾರಾ?" ಅಂದಳು.

೪. ತೇರಿಲ್ಲದ ಉತ್ಸವ

ಮರುದಿನ ಒಂದನೇ ಸುತ್ತಿನಲ್ಲಿ ವ್ಯಾನ್ ಬೀದಿಯ ತುದಿಯಲ್ಲಿತ್ತು. ಎರಡನೆಯದರಲ್ಲಿ ಔಷಧಿ ಅಂಗಡಿ ಮುಂದೆ. ಮೂರನೆಯದರಲ್ಲಿ ಕಣ್ಣಾರೆ ಕಂಡೆ. ಬನಿಯನ್ ಮೂಟೆ ಹೊರುವವರು ಹಿಂದಿನಿಂದ ತಳ್ಳುತ್ತಿದ್ದಾರೆ, ಇಡ್ಲಿ ಪಾತ್ರೆಯಿಂದ ಹಬೆ ಏಳುತ್ತಿದೆ, ಗಿರಾಕಿಗಳು ತಟ್ಟೆ ಹಿಡಿದು ಪಕ್ಕದಲ್ಲೇ ನಡೆಯುತ್ತಾ ತಿನ್ನುತ್ತಿದ್ದಾರೆ. ಎಲ್ಲರಿಗಿಂತ ಜೋರಾಗಿ ತಳ್ಳುತ್ತಿದ್ದವರು ಬನಿಯನ್ ಅಂಗಡಿಯ ಯಜಮಾನರು.

"ಎತ್ತಿಸಿ ಅಂದವರು ನೀವೇ ಅಲ್ಲವಾ?"

"ಕಂಪ್ಲೇಂಟ್ ಬೇರೆ, ಟಿಫನ್ ಬೇರೆ ಸಾರ್," ಏದುಸಿರಿನಲ್ಲೇ ಅಂದರು.

ಆಫೀಸಿನ ಇಂಜಿನಿಯರ್ ಮೇಡಂ ಕಂಪ್ಯೂಟರ್ ನೋಡಿ ಕಣ್ಣೀರು ಹಾಕುವುದೊಂದು ಬಾಕಿ. "ಅಂಕಲ್, ಪಾಪ, ಈ ಒಂದು ವ್ಯಾನ್ ಜಾಗ ಸಿಗದೆ ದಿನವಿಡೀ ಅಲೆದಿದೆ." ವರದಿಯಲ್ಲಿ ಹಾಗೇ ಬರೆದರು. ಕೆಲವು ತಿಂಗಳಲ್ಲಿ ಪಾಲಿಕೆಯವರೇ ಬಂದು ವ್ಯಾನಿನ ಸುತ್ತ ಬಿಳಿ ಗೆರೆ ಎಳೆದು ಜಾಗ ಖಾಯಂ ಮಾಡಿಕೊಟ್ಟರು.

ಎಲ್ಲವೂ ಸತ್ಯ. ಒಂದೇ ಒಂದು ಸಣ್ಣ ವಿಷಯ ನಾನು ಸೇರಿಸಿದ್ದು: ಇಡ್ಲಿ ಹತ್ತಿಗಿಂತ ಮೃದು ಅಂದೆನಲ್ಲ, ಅದು. ಹಾಗೆ ಮಾಡುತ್ತಿದ್ದವನು ಅಕ್ಕನ ಗಂಡ. ಹಿಟ್ಟಿನ ಹದ ಯಾರಿಗೂ ಹೇಳದೆ ಹೋಗಿಬಿಟ್ಟ. ಗೆರೆಯೊಳಗೆ ವ್ಯಾನ್ ಜಾರದಂತೆ ಚಕ್ರಕ್ಕೆ ಕೊಡಲು ಕಲ್ಲು ಬೇಕೆಂದಾಗ ಎಲ್ಲರೂ ಒಟ್ಟಿಗೆ ನೋಡಿದ್ದು ಅಕ್ಕನ ಇಡ್ಲಿ ಪಾತ್ರೆಯ ಕಡೆಗೆ. ಆಮೇಲೆ ಎಲ್ಲರೂ ತಟ್ಟೆ ಮುಂದೆ ಚಾಚಿ, "ಅಕ್ಕಾ, ಇನ್ನೆರಡು" ಅಂದೆವು.