ಶಿಲುಬೆಗೊಂದು ತೆಂಗಿನಕಾಯಿ

ನಮ್ಮ ಜೋಗೇಶ್ವರಿಯ ಓಣಿಯ ಕೊನೆಗಿದ್ದ ಶಿಲುಬೆ ಬಿಳಿಯದೋ ನೀಲಿಯದೋ, ಆಣೆಯಿಟ್ಟು ಹೇಳಲಾರೆ. ದಿನಚರಿ ತೆಗೆದು ನೋಡಬಹುದು. ಅದನ್ನು ಬರೆದವಳೂ ನಾನೇ ಆದ್ದರಿಂದ ಪೂರ್ತಿ ನಂಬಿಕೆಯಿಲ್ಲ. ಧಾರವಾಡದಿಂದ ಅತ್ತೆ ಬಂದದ್ದು ಮಾತ್ರ ಖಚಿತ. ಅದನ್ನು ಯಾವ ಸೊಸೆಯೂ ಮರೆಯುವುದಿಲ್ಲ.

ನನಗಾಗ ಹೊಸದಾಗಿ ಮದುವೆಯಾಗಿತ್ತು. ನಮ್ಮವರು ದಿನವೂ ಆಫೀಸಿನಿಂದ ಲೋಕಲ್ ರೈಲಿನ ಬಾಗಿಲಿಗೆ ಜೋತುಬಿದ್ದು ಬರುತ್ತಿದ್ದರು. ಒಂದು ಸಂಜೆ ಎಷ್ಟು ಹೊತ್ತಾದರೂ ಬರಲಿಲ್ಲ. ನನ್ನ ಅಳುಮುಖ ನೋಡಿ ಪಕ್ಕದ ಖೋಲಿಯ ರೋಜಿ ಆಂಟಿ ಶಿಲುಬೆಯ ಬಳಿಗೆ ಕರೆದೊಯ್ದು ಮೇಣಬತ್ತಿ ಹಚ್ಚಿಸಿದರು. ತಿರುಗಿ ಬಂದರೆ ಇವರು ಬಾಗಿಲಲ್ಲಿ! ಕಾಲೇಜಿನಲ್ಲಿ ತರ್ಕಶಾಸ್ತ್ರ ಓದಿದ ನನಗೆ ಇದು ಕಾಕತಾಳೀಯವೆಂದು ಗೊತ್ತಿತ್ತು. ಆದರೂ ಮರುದಿನದಿಂದ ಮನೆದೇವರಿಗೆ ದೀಪ ಹಚ್ಚಿ, ಅದೇ ದೀಪದಿಂದ ಮೇಣಬತ್ತಿ ಹೊತ್ತಿಸಿ, ಅಂಗೈ ಮರೆಮಾಡಿ ಶಿಲುಬೆಗೆ ಒಯ್ಯತೊಡಗಿದೆ. ದಾರಿಯಲ್ಲಿ ಆರಿದರೆ ಮತ್ತೆ ಮನೆಗೆ ಓಟ. ತರ್ಕಶಾಸ್ತ್ರ ಎಲ್ಲೋ ಹಿಂದೆ ಉಳಿಯುತ್ತಿತ್ತು.

ಅತ್ತೆ ಬಂದ ದಿನ ನನಗೆ ಒಂದೇ ಚಿಂತೆ. ಅವರು ಇದನ್ನು ನಿಲ್ಲಿಸಿದರೆ ಇವರು ಸುಖವಾಗಿ ಮನೆ ಸೇರುವುದು ಹೇಗೆ? ಕಳ್ಳಹೆಜ್ಜೆ ಇಡುತ್ತಿದ್ದವಳು ಸಿಕ್ಕಿಬಿದ್ದೆ.

"ಎಲ್ಲಿಗೆ ಹೊಂಟೀ?"

"ಶಿಲುಬಿಗೆ, ಅತ್ಯಾ. ಅವರು ಸುಸೂತ್ರ ಮನೀಗೆ ಬರ್ಲಿ ಅಂತ."

"ಕಾಲು ತೊಳ್ಕೊಂಡೀಯೇನು?"

"ಇಲ್ಲರಿ."

"ಹಂಗ ಹೋಗ್ತಾರೇನ ದೇವರ ಹತ್ರ? ಇಷ್ಟು ಓದಿ ಏನು ಕಲ್ತೀ?"

ಅಲ್ಲಿಂದ ಆಡಳಿತ ಅತ್ತೆಯದು. ಕಾಲು ತೊಳೆಯಬೇಕು, ಚೆಂಡುಹೂವಿನ ಮಾಲೆ ಹಾಕಬೇಕು, ಪ್ರದಕ್ಷಿಣೆ ಬರಬೇಕು. ಶುಕ್ರವಾರ ತೆಂಗಿನಕಾಯಿ ಒಡೆದು, ಒಂದು ಹೋಳನ್ನು ರೋಜಿ ಆಂಟಿಗೆ ಪ್ರಸಾದವೆಂದು ಕೊಟ್ಟರು. ಆಂಟಿ ಕಣ್ಣಿಗೊತ್ತಿಕೊಂಡು ಒಯ್ದು ಮೀನಿನ ಸಾರಿಗೆ ಅರೆದರು.

"ಅರೇ, ತುಮ್ಹಾರಾ ಸಾಸ್ ಕಾ ಪರಸಾದ್ ಸೇ ಫಿಶ್ ಕರೀ ಏಕ್‌ದಂ ಫಸ್ಟ್‌ಕ್ಲಾಸ್!" ಎಂದರು ಮರುದಿನ.

"ಏನಂತಾಳ ಆಕಿ?" ಎಂದರು ಅತ್ತೆ.

"ಸಾರು ಭಾಳ ರುಚಿ ಆಗಿತ್ತಂತ." ಮೀನು ನನ್ನ ಅನುವಾದದಲ್ಲಿ ಜಾರಿಹೋಯಿತು.

ಅತ್ತೆಯನ್ನು ಊರಿಗೆ ಕಳಿಸಲು ಸ್ಟೇಷನ್ನಿಗೆ ಹೋದಾಗ ಕಿಟಕಿಯಿಂದಲೇ ತಾಕೀತು ಮಾಡಿದರು: "ನಾ ಇಲ್ಲಂತ ಬಿಡಬ್ಯಾಡ. ಕಾಲು ತೊಳ್ಕೊಂಡ ಹೋಗು." ಅವರ ಚೀಲದಲ್ಲಿ ಕುಂಕುಮದ ಭರಣಿಯ ಪಕ್ಕ ಒಂದು ಕಟ್ಟು ಮೇಣಬತ್ತಿ ಇಣುಕುತ್ತಿತ್ತು. ಅವರ ಓಣಿಯಲ್ಲಿ ಶಿಲುಬೆಯಿಲ್ಲ. ಕೇಳಿಯೇಬಿಟ್ಟೆ. ಅವರು ನನ್ನ ಹಣೆಯ ಕುಂಕುಮ ಸರಿಮಾಡಿದರು, ಗಾಡಿ ಹೊರಟಿತು. ಕಾಗದದಲ್ಲೂ ಕೇಳಿದೆ, ಉಪ್ಪಿನಕಾಯಿ ಬಂತು, ಉತ್ತರ ಬರಲಿಲ್ಲ. ದಿನವೂ ಕಾಲು ತೊಳೆಯುವಾಗ ತರ್ಕಶಾಸ್ತ್ರದ ಈ ವಿದ್ಯಾರ್ಥಿನಿ ಅದನ್ನೇ ಕೇಳಿಕೊಳ್ಳುತ್ತಿದ್ದಳು:

"ಅತ್ಯಾ, ಅಲ್ಲಿ ಅದನ್ನ ಯಾವ ದೇವರ ಮುಂದ ಹಚ್ಚತೀರಿ?"