ಒಂದೊಂದು ಕೆಲಸಕ್ಕೆ ಒಂದೊಂದು ಲಿನಕ್ಸ್

ಡಫಳಾಪುರದಲ್ಲಿ ಮನುಷ್ಯರಿಗಿಂತ ಕಂಪ್ಯೂಟರುಗಳಿಗೇ ಹೆಚ್ಚು ಕುರ್ಚಿಗಳಿರುವ ಮನೆ ಒಂದಿದೆ. ಅದು ನಮ್ಮ ಸೋದರಮಾವನದು! ಹಾಡಿಗೊಂದು ಕಂಪ್ಯೂಟರು, ಲೆಕ್ಕಕ್ಕೊಂದು, ಕೆಟ್ಟ ಕಂಪ್ಯೂಟರುಗಳಿಗೆ ಜೀವ ತುಂಬಲು ಮತ್ತೊಂದು. ಎಲ್ಲವೂ ಗುಜರಿ ಮಾಲು. ಒಂದೊಂದರಲ್ಲೂ ಆಯಾ ಕೆಲಸಕ್ಕೆಂದು ಮಾಡಿದ ಬೇರೆ ಬೇರೆ ಲಿನಕ್ಸ್, ಅಂದರೆ ಕಂಪ್ಯೂಟರನ್ನು ನಡೆಸುವ ತಂತ್ರಾಂಶ. ಪುಕ್ಕಟೆ ಸಿಗುತ್ತದೆ, ಯಾರು ಬೇಕಾದರೂ ಬಿಚ್ಚಿ ತಿದ್ದಿಕೊಳ್ಳಬಹುದು ಎಂದ ಮೇಲೆ ಮಾವನನ್ನು ಹಿಡಿಯುವವರು ಯಾರು?

ಈ ವರ್ಷ ಮಾತ್ರ ಅವನ ಹುಚ್ಚಿಗೆ ಕಾರಣವಿತ್ತು. ಕನ್ನಡ ಶಾಲೆಯಲ್ಲಿ ಕಲಿಸುವ ನಮ್ಮ ಅತ್ತೆಯ ಕಣ್ಣು ಸಕ್ಕರೆ ಕಾಯಿಲೆಯಿಂದ ಮಂಜಾಗಿತ್ತು. ಕಂಪ್ಯೂಟರು ಗಟ್ಟಿಯಾಗಿ ಓದಿ ಹೇಳಿದರೆ ಸರಿ, ಇಲ್ಲದಿದ್ದರೆ ನೌಕರಿ ಬಿಡಬೇಕು. ಮಾವ ಏನು ಮಾಡಿದ? ಓದಿ ಹೇಳಲು ಒಂದು, ಪ್ರಶ್ನೆಪತ್ರಿಕೆ ಬರೆಯಲು ಇನ್ನೊಂದು ಕಂಪ್ಯೂಟರು ಸಿದ್ಧಮಾಡಿದ!

"ಎಲ್ಲಾ ಕೆಲಸಕ್ಕೂ ಆಗೋ ಲಿನಕ್ಸ್ ಐತಲ್ಲ ಮಾವಾ, ಅದನ್ನೊಂದು ಹಾಕಿದ್ರ ಮುಗೀತಲ್ಲ?" ಎಂದೆ.

ಮಾವ ನನ್ನನ್ನು ಕನಿಕರದಿಂದ ನೋಡಿದ. "ತಮ್ಮಾ, ಕುರಿ ಕಾಯೋ ನಾಯಿ ಬ್ಯಾರೆ, ಮನಿ ಕಾಯೋ ನಾಯಿ ಬ್ಯಾರೆ. ನಮ್ಮಪ್ಪ ಎರಡೂ ಕೆಲಸಕ್ಕ ಒಂದ ನಾಯಿ ಹಚ್ಚಿದ್ದ. ಅದು ಬಾಗಲದಾಗ ಕುರಿ ತರುಬಿ, ಕಳ್ಳನ್ನ ಹಟ್ಟಿಗೆ ಹೊಡಕೊಂಡು ಬಂತು!"

"ಮತ್ತ ಕಂಬಳಿ?" ಒಳಗಿನಿಂದ ಅತ್ತೆಯ ದನಿ. "ನಿಮ್ಮಪ್ಪಾರು ಅದನ್ನ ಹಾಸ್ತಿದ್ರು, ಅದನ್ನ ಹೊದೀತಿದ್ರು, ಮಳಿ ಬಂದ್ರ ಅದನ್ನ ತಲಿಮ್ಯಾಲೆ ಹಾಕ್ಕೋತಿದ್ರು. ನೀವಾಗಿದ್ರ ಮೂರು ಕಂಬಳಿ ಹೊತ್ತು ಕುರಿ ಹಿಂದ ಓಡ್ತಿದ್ರಿ!"

ಮಾವ ಕೇಳಿಸಲೇ ಇಲ್ಲವೆಂಬಂತೆ ಕೀಬೋರ್ಡಿನ ಧೂಳು ಊದಿದ.

ಕಂಪ್ಯೂಟರುಗಳನ್ನು ಪರೀಕ್ಷಿಸಿ ನೋಡುವ ದಿನ ಅತ್ತೆ ಬರೆಯುವ ಕಂಪ್ಯೂಟರಿನ ಮುಂದೆ ಕೂತು ಒಂದನೇ ಪ್ರಶ್ನೆ ಬರೆದಳು. "ಏನು ಬರದೇನಿ, ಓದಿ ಹೇಳ ಅನ್ರಿ ಇದಕ್ಕ."

"ಇದಕ್ಕ ಬಾಯಿಲ್ಲ. ಬಾಯಿ ಇರೋದು ಅಲ್ಲಿ, ಮೂಲ್ಯಾಗ," ಎಂದ ಮಾವ, ಅತ್ಯಂತ ಹೆಮ್ಮೆಯಿಂದ. "ಪೆನ್ ಡ್ರೈವಿನಾಗ ಹಾಕ್ಕೊಂಡು ಅಲ್ಲಿ ಹೋಗಿ ಕೇಳು."

ಅಂದರೆ ಹತ್ತು ಪ್ರಶ್ನೆಗೆ ಹತ್ತು ಸಲ ಹೋಗಿಬರಬೇಕು, ನೀವೇ ಹೇಳಿ! ಅತ್ತೆ ಪೆನ್ ಡ್ರೈವ್ ಹಿಡಿದು ಎದ್ದಳು. ಎರಡು ಹೆಜ್ಜೆ ಇಟ್ಟಳು. ನೆಲದ ಮೇಲಿನ ಕಾಣದ ವೈರುಗಳಿಗೆ ಕಾಲು ಸಿಕ್ಕಿ ಧೊಪ್ಪನೆ ಬಿದ್ದಳು. ಮೊಣಕಾಲು ಒಡೆದು ರಕ್ತ ಬಂತು. "ಸಾಕ್ರಿ, ನಾಳೆ ರಾಜೀನಾಮೆ ಬರೀತೀನಿ," ಎಂದಳು. ಮಾವ ಬಗ್ಗಿ ಅವಳ ಕಾಲಿಗೆ ಸಿಕ್ಕ ವೈರು ಬಿಡಿಸಿದ.

ಮರುದಿನ ಮುಂಜಾನೆ ನಾನು ಹೋದಾಗ ವೈರುಗಳೆಲ್ಲ ಗೋಣಿಚೀಲ ಸೇರಿದ್ದವು. ನಡುಮನೆಯಲ್ಲಿ ಒಂದೇ ಕಂಪ್ಯೂಟರು. ಅದರಲ್ಲಿ ಬರೆಯುವ, ಓದುವ, ಹಾಡುವ, ಎಲ್ಲಕ್ಕೂ ಆಗುವ, ಮಾವ ಜನ್ಮದಲ್ಲಿ ಮುಟ್ಟದಿದ್ದ ಲಿನಕ್ಸ್! ಅದರ ಮುಂದೆ ಮಾವ ಕಣ್ಣಿಗೆ ಬಿಗಿಯಾಗಿ ಟವೆಲ್ ಕಟ್ಟಿಕೊಂಡು ಕೂತಿದ್ದ. ಒಂದೊಂದೇ ಕೀಲಿ ತಡವಿ ಒತ್ತುತ್ತಿದ್ದ. ಒತ್ತಿದ್ದು ತಪ್ಪಾದರೆ ಕಂಪ್ಯೂಟರು ಆ ತಪ್ಪು ಅಕ್ಷರವನ್ನೇ ಓದಿ ಹೇಳುತ್ತಿತ್ತು, ಮಾವ ಅಳಿಸಿ ಮತ್ತೆ ಒತ್ತುತ್ತಿದ್ದ.

ನನಗೆ ನಗು ತಡೆಯಲಿಲ್ಲ. "ಇದೇನು ಮಾವಾ, ಕಣ್ಣಾಮುಚ್ಚಾಲೆ?"

ಮಾವ ಟವೆಲ್ ಬಿಚ್ಚಲಿಲ್ಲ. "ಆಕಿ ಎಲ್ಲೆಲ್ಲಿ ಎಡವ್ತಾಳ, ಅಲ್ಲೆಲ್ಲ ಮೊದಲ ನಾ ಎಡವಬೇಕಲ್ಲ ತಮ್ಮಾ," ಎಂದ.

ಮುಂದಿನ ಸೋಮವಾರ ಅತ್ತೆ ಶಾಲೆಗೆ ಹೋದಳು. ಕೈಯಲ್ಲಿ ತಾನೇ ಬರೆದ, ತಾನೇ ಕೇಳಿ ತಿದ್ದಿದ ಪ್ರಶ್ನೆಪತ್ರಿಕೆ ಇತ್ತು.