ಅಧ್ಯಕ್ಷರ ದೋಣಿಯೂ ನಮ್ಮ ಮೊಪೆಡ್ಡೂ

ಆ ಸೋಮವಾರ ನಾನೂ ನನ್ನ ಹೆಂಡತಿ ನೀಲಮ್ಮನೂ ಜಗಳವಾಡಿದ್ದು ಅಮೆರಿಕದ ಅಧ್ಯಕ್ಷರೊಬ್ಬರ ವಿಷಯಕ್ಕೆ. ಬೇರೆ ಮನೆಗಳಲ್ಲಿ ಗಂಡ ಹೆಂಡಿರ ಜಗಳಕ್ಕೆ ಸಾರಿನ ಉಪ್ಪು ಸಾಕಾಗುತ್ತದೆ. ನಮಗೆ ಅಷ್ಟು ದೂರ ಹೋಗಬೇಕಾಯಿತು. ಸಂತೇಬೆನ್ನೂರಿನಲ್ಲಿ ನಮ್ಮದೊಂದು ಹಿಟ್ಟಿನ ಗಿರಣಿ ಇದೆ. ಸೋಮವಾರ ಅದಕ್ಕೆ ರಜೆ. ಅವತ್ತು ನೀಲಮ್ಮನನ್ನು ಮೊಪೆಡ್ಡಿನ ಹಿಂದೆ ಕೂರಿಸಿಕೊಂಡು ಸೂಳೆಕೆರೆ ದಂಡೆಯ ಅವಳ ತವರಿಗೆ ಹೋಗಿ, ಉಂಡು, ಹೊತ್ತು ಮುಳುಗುವ ಮುಂಚೆ ವಾಪಸಾಗುವುದು ನಮ್ಮ ಪದ್ಧತಿ. ಅಂದು ಬರುವಾಗ ಅವಳು ಹೇಳುತ್ತಿದ್ದದ್ದು ಅಮೆರಿಕದ ಅಧ್ಯಕ್ಷರಿಗೆಂದೇ ಇದ್ದ ವಿಹಾರದೋಣಿಯನ್ನು ಒಬ್ಬ ಅಧ್ಯಕ್ಷರು ಖರ್ಚು ಹೆಚ್ಚೆಂದು ಮಾರಿಬಿಟ್ಟ ಕಥೆ. ನಾನು "ಒಳ್ಳೇ ಕೆಲಸ ಮಾಡಿದ" ಎಂದೆ. ಅಷ್ಟೇ.

"ಒಳ್ಳೇ ಕೆಲಸಾನಾ? ಅಷ್ಟು ಜನ ಅಧ್ಯಕ್ಷರು ಕುಂತೆದ್ದ ದೋಣಿ ರೀ ಅದು! ನೀವೂ ಅಂಥೋರೇ ಬಿಡ್ರಿ. ನಿಮ್ಮ ಕೈಗೆ ಕೊಟ್ಟಿದ್ರೆ ಹಲಗೆ ಬಿಚ್ಚಿ ಒಲೆಗೆ ಹಾಕ್ತಿದ್ರಿ."

"ನನ್ನ ಕೈಗೆ ಕೊಡಾಕೆ ಅವರಿಗೇನು ಹುಚ್ಚು ಹಿಡಿದೈತಾ?"

ಅಲ್ಲಿಂದ ಮುಂದೆ ಮೊಪೆಡ್ಡೊಂದೇ ಮಾತಾಡುತ್ತಿತ್ತು.

ಸಂತೇಬೆನ್ನೂರಿನ ಹೆಂಗಸಿಗೆ ಅಮೆರಿಕದ ದೋಣಿಯ ಗೊಡವೆ ಏಕೆ ಎಂದು ನೀವು ಕೇಳಬಹುದು. ನಾನೂ ಕೇಳಿದ್ದೆ. ಅವಳು ಮೊಬೈಲಿನಲ್ಲಿ ಕಾಯಿಹೋಳಿಗೆ ಮಾಡುವುದನ್ನು ನೋಡುತ್ತಿದ್ದಳಂತೆ. ಹೋಳಿಗೆ ಮುಗಿದ ಮೇಲೆ ತಾನಾಗಿಯೇ ದೋಣಿ ಬಂತಂತೆ. ಹೋಳಿಗೆಯನ್ನು ಅವಳು ಕೊನೆಗೂ ಮಾಡಲಿಲ್ಲ, ದೋಣಿಯನ್ನು ಬಿಡಲಿಲ್ಲ. ಚಿಕ್ಕಂದಿನಲ್ಲಿ ಒಮ್ಮೆ ಸೂಳೆಕೆರೆಯಲ್ಲಿ ಮೀನು ಹಿಡಿಯುವವರ ತೆಪ್ಪ ಹತ್ತಿ ಅವಳಪ್ಪನಿಂದ ಬೆನ್ನಿಗೆ ಬರೆ ಬೀಳುವ ಹಾಗೆ ಹೊಡೆಸಿಕೊಂಡಿದ್ದಳು. ನೀರಿನ ಮೇಲೆ ಅವಳ ಅನುಭವ ಅಷ್ಟೇ. ಆದರೆ ರೊಟ್ಟಿ ತಟ್ಟುತ್ತಾ ಆ ದೋಣಿಯ ಸಂಗತಿಗಳನ್ನು ನಮ್ಮ ಬೀಗರ ಮನೆಯ ಸುದ್ದಿಯೆಂಬಂತೆ ಹೇಳುವಳು. ನಡೆಯಲಾಗದ ಒಬ್ಬ ಅಧ್ಯಕ್ಷರಿಗಾಗಿ ದೋಣಿಯೊಳಗೇ ಲಿಫ್ಟ್ ಕೂರಿಸಿದ್ದರಂತೆ. ಆಮೇಲೆ ಬಂದ ಇನ್ನೊಬ್ಬರು ಅದನ್ನು ಕಿತ್ತುಹಾಕಿಸಿ ಆ ಜಾಗದಲ್ಲಿ ಕುಡಿಯುವುದಕ್ಕೆ ಕಟ್ಟೆ ಕಟ್ಟಿಸಿಕೊಂಡರಂತೆ. "ಎಲ್ಲಾ ಕಡೆ ಗಂಡಸರ ಹಣೇಬರಹ ಒಂದೇ" ಎಂದು ನನ್ನತ್ತ ನೋಡುವಳು. ನಾನು ಚಹಾ ಬಿಟ್ಟು ಬೇರೇನೂ ಕುಡಿಯುವವನಲ್ಲ. ಆದರೂ ತಲೆ ತಗ್ಗಿಸುತ್ತಿದ್ದೆ. ಇನ್ನೂ ಹಿಂದಿನ ಒಬ್ಬ ಅಧ್ಯಕ್ಷರಿಗೆ ಬಾಯಲ್ಲಿ ಗಡ್ಡೆಯಾದಾಗ, ಜನಕ್ಕೆ ಗೊತ್ತಾಗಬಾರದೆಂದು ಸ್ನೇಹಿತನ ದೋಣಿಯಲ್ಲಿ ಗುಟ್ಟಾಗಿ ಆಪರೇಷನ್ ಮಾಡಿಸಿದರಂತೆ. ಆ ಡಾಕ್ಟರರ ಕೈ ಅಲುಗದೆ ಇದ್ದದ್ದು ಹೇಗೆ ಎಂಬ ಚಿಂತೆಯಲ್ಲಿ ನೀಲಮ್ಮ ಒಂದು ಹೊತ್ತಿನ ಹಾಲು ಉಕ್ಕಿಸಿದಳು.

ಇದೆಲ್ಲ ನನಗೆ ತೊಂದರೆಯಾಗಿರಲಿಲ್ಲ. ಗಿರಣಿಯವನ ಕಿವಿ ಅರ್ಧ ಮಂದ. ಕೇಳಿದ್ದು ಕೇಳಿತು, ಬಿಟ್ಟದ್ದು ಬಿಟ್ಟಿತು. ತೊಂದರೆ ಶುರುವಾದದ್ದು ಗಂಟೆಯ ವಿಷಯದಿಂದ. ಆ ದೇಶದಲ್ಲಿ ಮೊದಲನೇ ಅಧ್ಯಕ್ಷರ ಸಮಾಧಿ ಹೊಳೆಯ ದಂಡೆಯಲ್ಲೇ ಇದೆಯಂತೆ. ಅಧ್ಯಕ್ಷರ ದೋಣಿ ಅದರ ಮುಂದೆ ಹಾಯುವಾಗ ಗಂಟೆ ಬಾರಿಸಿ, ಎಲ್ಲರೂ ಎದ್ದು ಅತ್ತ ತಿರುಗಿ ನಿಲ್ಲಬೇಕಂತೆ. ನಮ್ಮವರಲ್ಲಿ ಸತ್ತವರನ್ನು ಸ್ವಂತ ಹೊಲದಲ್ಲಿ ಮಣ್ಣು ಮಾಡುತ್ತೇವೆ. ನಮ್ಮಪ್ಪನ ಸಮಾಧಿ ಸೂಳೆಕೆರೆಗೆ ಹೋಗುವ ರಸ್ತೆಯ ಮಗ್ಗುಲಲ್ಲೇ ಇದೆ. ನೀಲಮ್ಮನಿಗೆ ಇನ್ನೇನು ಬೇಕಿತ್ತು? ಜಗಳಕ್ಕೆ ಎಷ್ಟೋ ವಾರ ಮುಂಚಿನ ಒಂದು ಸೋಮವಾರ, ಸಮಾಧಿ ಕಾಣುತ್ತಲೇ ಶುರುಮಾಡಿದಳು.

"ಮಾವನೋರು ಬಂದ್ರು, ಹಾರ್ನ್ ಹೊಡೀರಿ."

ಹಾರ್ನ್ ಕೆಟ್ಟು ಎಷ್ಟೋ ಕಾಲವಾಗಿತ್ತು. ನಮ್ಮ ಮೊಪೆಡ್ಡು ಬರುವುದು ಹರದಾರಿ ದೂರದಿಂದ ತಿಳಿಯುವಾಗ ಅದಕ್ಕೆ ಬೇರೆ ಹಾರ್ನ್ ಏಕೆಂದು ನಾನು ರಿಪೇರಿ ಮಾಡಿಸಿರಲಿಲ್ಲ. ಅವಳೇನೂ ಹಿಂಜರಿಯಲಿಲ್ಲ. ಹಿಂದಿನ ಸೀಟಿನಿಂದ ಅರ್ಧ ಎದ್ದು, ಒಂದು ಕೈಯಲ್ಲಿ ನನ್ನ ಭುಜ ಹಿಡಿದು, ಸಮಾಧಿಯ ಕಡೆ ತಿರುಗಿ, "ಪೀಂ... ಪೀಂ..." ಎಂದು ತಾನೇ ಕೂಗಿದಳು. ಗಾಡಿ ಓಲಾಡಿತು. ಮೆಕ್ಕೆಜೋಳದಲ್ಲಿ ಕಳೆ ತೆಗೆಯುತ್ತಿದ್ದವಳೊಬ್ಬಳು ನೆಟ್ಟಗಾಗಿ, "ಯಾರನ್ನ ಕರಿಯಾಕೆ ಹತ್ತೀಯ ನೀಲಕ್ಕಾ?" ಎಂದಳು.

"ನಮ್ಮ ಮಾವನ್ನ ಮಾತಾಡಿಸ್ದೆ ಕಣವ್ವಾ!"

ಅಪ್ಪ ಬದುಕಿದ್ದಾಗ ಇಬ್ಬರಿಗೂ ಅಷ್ಟಕ್ಕಷ್ಟೆ. ಅವಳ ಚಹಾ ನೀರಾಯಿತೆಂದು ಅವನು, ಅವನ ಗೊರಕೆ ಜೋರಾಯಿತೆಂದು ಅವಳು. ಈಗ ಅಪ್ಪನಿಗೆ ಹೋಗುತ್ತಾ ಒಂದು, ಬರುತ್ತಾ ಒಂದು ಸರ್ಕಾರಿ ಮರ್ಯಾದೆ. ಮಾನ ಹೋಗುತ್ತದೆ, ನಾನೇ ಬಾಯಲ್ಲಿ ಮೆಲ್ಲಗೆ ಪೀಂ ಎಂದುಬಿಡುತ್ತೇನೆ, ನೀನು ಸುಮ್ಮನೆ ಕೂತುಕೋ ಎಂದರೆ ಅವಳು ಒಪ್ಪಲಿಲ್ಲ. "ದೋಣಿ ನಡೆಸೋರು ಗಂಟೆ ಬಾರಿಸಂಗಿಲ್ಲ. ಅದಕ್ಕೆ ಬೇರೆ ಆಳು ಇರ್ತಾರೆ."

ಅಂದು, ಜಗಳದ ಸೋಮವಾರ, ಸಮಾಧಿ ಹತ್ತಿರವಾದಾಗ ಇವತ್ತು ಅಪ್ಪನಿಗೆ ಮರ್ಯಾದೆ ಇಲ್ಲವೆಂದುಕೊಂಡೆ. ಭುಜದ ಮೇಲೆ ಕೈ ಬಿತ್ತು. "ಪೀಂ... ಪೀಂ..."

"ಸಿಟ್ಟು ಹೋಯ್ತೇನು?" ಎಂದೆ.

"ಜಗಳ ಬೇರೆ, ಮಾವ ಬೇರೆ. ಗಾಡಿ ನೋಡಿ ಹೊಡೀರಿ."

ಮರುದಿನ ಬೆಳಿಗ್ಗೆ ನೀಲಮ್ಮ ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದವಳು ಕುಸಿದಳು. ಗಿರಣಿಯ ಸದ್ದಿನಲ್ಲಿ ನನಗೆ ಕೇಳಿಸಲಿಲ್ಲ. ಪಕ್ಕದ ಮನೆಯವರು ಓಡಿಬಂದು ಹೇಳಿದರು. ಆಸ್ಪತ್ರೆಗೆ ಹೋಗುವಷ್ಟರಲ್ಲಿ ಆಗಿಹೋಗಿತ್ತು. ಅವಳನ್ನು ಅಪ್ಪನ ಮಗ್ಗುಲಲ್ಲೇ ಮಣ್ಣು ಮಾಡಿದೆವು.

ತಿಥಿಯೆಲ್ಲ ಮುಗಿದ ಮೇಲೆ ಒಂದು ಸೋಮವಾರ ಭಾವಮೈದುನ ಊಟಕ್ಕೆ ಬರಲೇಬೇಕೆಂದ. ಹೊರಟೆ. ಸಮಾಧಿ ಬಂತು. ವೇಗ ತಗ್ಗಿಸಿ ಬಾಯಿ ತೆರೆದೆ. ಸದ್ದು ಹೊರಡಲಿಲ್ಲ. ಎದುರಿಗೆ ಎಮ್ಮೆ ಹೊಡೆದುಕೊಂಡು ಬರುತ್ತಿದ್ದವನು, ನಾನು ಅವನನ್ನೇ ಏನೋ ಕೇಳುತ್ತಿದ್ದೇನೆಂದು ತಿಳಿದು, "ಹಿಂಗೇ ಸೀದಾ ಹೋಗ್ರಿ" ಎಂದ. ಹೋದೆ.

ಮಾರನೇ ದಿನ ಗಾಡಿಯನ್ನು ಮೆಕ್ಯಾನಿಕ್ ಜಬೀವುಲ್ಲಾನ ಹತ್ತಿರ ತಂದೆ. ಅವನು ಮೊದಲು ನಕ್ಕ. "ಏನ್ ಯಜಮಾನ್ರೇ, ಇಷ್ಟು ವರ್ಷ ಬ್ಯಾಡಾದ ಹಾರ್ನು ಈಗ್ಯಾಕೆ ನೆನಪಾತು? ಅಕ್ಕನೇ ಹೊಡೀತಿದ್ರಲ್ಲ, ನಮ್ಮ ಅಂಗಡಿ ಮುಂದೆ ಬಂದ್ರೂ..." ಎಂದವನು ಅಲ್ಲಿಗೇ ನಿಲ್ಲಿಸಿ ಸ್ಪ್ಯಾನರ್ ಹುಡುಕತೊಡಗಿದ. ಅದು ಅವನ ಕೈಯಲ್ಲೇ ಇತ್ತು.

ಹೊಸ ಹಾರ್ನ್ ಜೋರಾಗಿದೆ. ಸಮಾಧಿಯ ಹತ್ತಿರ ಮೊದಲ ಸಲ ಒತ್ತಿದಾಗ ಮುಂದಿದ್ದ ಆಡು ಪಕ್ಕಕ್ಕೆ ಸರಿಯಿತು, ಒಬ್ಬ ಸೈಕಲ್ಲಿನವನು ದಾರಿ ಬಿಟ್ಟ. ಹೊಲದಲ್ಲಿದ್ದ ಯಾರೂ ತಲೆಯೆತ್ತಿ ನೋಡಲಿಲ್ಲ. ಯಾರನ್ನು ಕರೆಯುತ್ತೀಯೆಂದು ಕೇಳಲೂ ಇಲ್ಲ. ನೋಡಿದರೆ ಮಾನ ಹೋಗುತ್ತದೆಂದು ಇಷ್ಟು ದಿನ ಹೆದರಿದವನು ನಾನು. ಆ ಸಂಜೆ ಮೂರು ಸಲ ಒತ್ತಿದೆ.

ಮೊನ್ನೆ ಭಾವಮೈದುನ, "ಆ ಡಕೋಟಾ ಗಾಡಿ ಮಾರಿಬಿಡ್ರಿ ಭಾವ. ರಿಪೇರಿ ಖರ್ಚೇ ಜಾಸ್ತಿ ಆಗಾಕೆ ಹತ್ತೈತೆ. ಬಸ್ಸಿಗೆ ಬರ್ರಿ" ಎಂದ. ನ್ಯಾಯವಾದ ಮಾತು. ನಾನು ಅಮೆರಿಕದವರಿಗೆ ಹೇಳಿದ್ದೂ ಅದೇ.

ಆದರೆ ಬಾಯಿಗೆ ಬಂದದ್ದು, "ನೀಲಮ್ಮ ಕುಂತೆದ್ದ ಗಾಡಿ ಮಾರಾದೇನೋ?" ಎಂದು.

ಅಂದರೆ ಆ ಅಧ್ಯಕ್ಷರು ದೋಣಿ ಮಾರಿದ್ದು ತಪ್ಪು. ಜಗಳದಲ್ಲಿ ಅವಳೇ ಗೆದ್ದಳು. ಹೇಳೋಣವೆಂದು ವಾಪಸು ಬರುವಾಗ ಸಮಾಧಿಯ ಎದುರು ನಿಧಾನಿಸಿದೆ, ಹಾರ್ನ್ ಒತ್ತಿದೆ. ಗಾಡಿ ಸ್ವಲ್ಪವೂ ಓಲಾಡಲಿಲ್ಲ. ಹಿಂದಿನ ಸೀಟಿನಲ್ಲಿ ನೀಲಮ್ಮ ಇಲ್ಲ.